ನಾಲ್ಕನೆಯ ಗೋಡೆ ನಿಲ್ಲಿಸಿದ ಗೇಣಕ್ಕ

ಬೆಳಗಿನ ಐದೂ ಮುಕ್ಕಾಲು. ಹಡಗು ಕಟ್ಟುವ ಕಾರ್ಖಾನೆಯ ಹಿಂಬದಿಯ ಶೆಡ್ಡಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಬರಿಯ ಸಿಮೆಂಟಿನ ನೆಲದ ಮೇಲೆ, ಪ್ರವಾಸಿ ಹಡಗಿನ ಒಂದು ಕೋಣೆ ಇದೆ. ಹಡಗಿಲ್ಲ, ನೀರಿಲ್ಲ, ಕೋಣೆ ಮಾತ್ರ ಇದೆ. ಹಾಸಿಗೆ, ಸೋಫಾ, ಬಾತ್‌ರೂಮು, ಬಾಲ್ಕನಿಗೆ ಗಾಜಿನ ಬಾಗಿಲು ಎಲ್ಲವೂ ಇವೆ. ಗಾಜಿನ ಆಚೆ ಸಮುದ್ರದ ದೊಡ್ಡ ಚಿತ್ರವೊಂದನ್ನು ಹಲಗೆಗೆ ಅಂಟಿಸಿ ನಿಲ್ಲಿಸಿದ್ದಾರೆ. ಒಂದು ಪಕ್ಕಕ್ಕೆ ಮಾತ್ರ ಗೋಡೆಯೇ ಇಲ್ಲ. ನೋಡಲು ಬರುವವರಿಗೆ, ಫೋಟೋ ತೆಗೆಯುವವರಿಗೆ ಅನುಕೂಲವಾಗಲಿ ಎಂದು ಆ ಕಡೆಯನ್ನು ಪೂರ್ತಿ ತೆರೆದು ಬಿಟ್ಟಿದ್ದಾರೆ. ಗೋಡೆ ಬರಬೇಕಾದ ಜಾಗದಲ್ಲಿ ನೆಲಕ್ಕೆ ಹಳದಿ ಟೇಪು ಅಂಟಿಸಿದ್ದಾರೆ, ಅಷ್ಟೆ.

ಐವತ್ತಮೂರು ವರ್ಷದ ಹೆಂಗಸೊಬ್ಬರು ಹೆಗಲ ಮೇಲೆ ಬೆಡ್‌ಶೀಟು ಹಾಕಿಕೊಂಡು, ಎಡಗಾಲನ್ನು ತುಸು ಎಳೆಯುತ್ತಾ ಬರುತ್ತಾರೆ. ತೆರೆದ ಕಡೆಯಿಂದ ಎರಡು ಹೆಜ್ಜೆ ಹಾಕಿದರೆ ಹಾಸಿಗೆಯೇ ಸಿಗುತ್ತದೆ. ಅವರು ಹಾಗೆ ಮಾಡುವುದಿಲ್ಲ. ಇಡೀ ಕೋಣೆಯನ್ನು ಸುತ್ತಿ ಬಳಸಿ ಆ ತುದಿಗೆ ಹೋಗಿ, ಬಾಗಿಲ ಮುಂದೆ ನಿಂತು, ಮೂರು ಸಲ ತಟ್ಟಿ, ಒಂದು ಗಳಿಗೆ ಕಾಯುತ್ತಾರೆ. ಒಳಗೆ ಯಾರೂ ಇಲ್ಲವೆಂದು ಅವರಿಗೆ ಗೊತ್ತು. ಆದರೂ ಆ ಮೌನ ಪೂರ್ತಿಯಾಗುವವರೆಗೆ ಕಾದು, ಆಮೇಲೆ ಹಿಡಿ ತಿರುಗಿಸಿ ಒಳಗೆ ಬರುತ್ತಾರೆ.

"ಈ ಕಡೆ ಗೋಡೆ ಇದೆ ಅಂತ ಡ್ರಾಯಿಂಗ್‌ನಲ್ಲಿ ಬರ್ದಿದಾರೆ. ಬರ್ದ ಮೇಲೆ ಇದ್ದ ಹಾಗೆ ತಾನೇ? ಗೋಡೆ ತೂರಿಕೊಂಡು ಬರೋಕೆ ನಾನೇನು ದೆವ್ವಾನಾ?" ಎನ್ನುತ್ತಾ ಅವರು ಹಾಸಿಗೆಯ ಹಳೆಯ ಹೊದಿಕೆ ಎಳೆಯುತ್ತಾರೆ.

ಎಡಬದಿ ಸಲೀಸಾಗಿ ಮುಗಿಯುತ್ತದೆ. ಬಲಬದಿಯಲ್ಲಿ, ಹಾಸಿಗೆಗೂ ಆ ಹಳದಿ ಟೇಪಿಗೂ ನಡುವೆ ಒಂದು ಗೇಣಿನಷ್ಟೇ ಜಾಗ. ಅಲ್ಲಿ ಅವರು ಪಾದಗಳನ್ನು ಅಡ್ಡಡ್ಡ ಇಟ್ಟು ನಿಲ್ಲುತ್ತಾರೆ. ಬಗ್ಗಲು ಆಗುವುದಿಲ್ಲ. ಕೊನೆಗೆ ಹಾಸಿಗೆಯ ಮೇಲೆ ಹತ್ತಿ, ಒಂದು ಮೊಣಕಾಲೂರಿ, ಮುಂದಕ್ಕೆ ಚಾಚಿ, ಕೈಬೆರಳ ತುದಿಯಿಂದ ಶೀಟನ್ನು ಕೆಳಗೆ ಸಿಕ್ಕಿಸುತ್ತಾರೆ. ಅಷ್ಟು ಒದ್ದಾಡುವಾಗಲೂ ಅವರ ಕಾಲು ಒಮ್ಮೆಯೂ ಟೇಪಿನ ಆಚೆ ಬೀಳುವುದಿಲ್ಲ.

"ದಾಟಿದ್ರೆ ಪಕ್ಕದ ರೂಮಿನವರ ಹಾಸಿಗೆ ತುಳಿದ ಹಾಗೆ," ಎಂದು ನಗುತ್ತಾರೆ. ಎದ್ದು ನಿಂತು ಗಡಿಯಾರ ನೋಡುತ್ತಾರೆ. ನಗು ಇಳಿಯುತ್ತದೆ. "ಹನ್ನೊಂದು ನಿಮಿಷ. ನಾಲ್ಕರಲ್ಲಿ ಮುಗೀಬೇಕಾದ್ದು."

ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಗೇಣಕ್ಕ ಎಂದು. ಅವರ ಕೈಗೆ ಅಳತೆಪಟ್ಟಿ ಬೇಕಿಲ್ಲ. ಹೆಬ್ಬೆರಳಿಂದ ಕಿರುಬೆರಳವರೆಗೆ ಚಾಚಿದ ಅಂಗೈಯನ್ನು ಮೇಜಿನ ಮೇಲೆ, ಕಪಾಟಿನ ಮೇಲೆ, ಕಿಟಕಿಯ ಚೌಕಟ್ಟಿನ ಮೇಲೆ ಹುಳು ಹರಿದಂತೆ ಹರಿಸುತ್ತಾ ಹೋಗಿ, "ಎರಡು ಗೇಣು ಮೂರು ಬೆರಳು" ಎಂದುಬಿಡುತ್ತಾರೆ. ಬಡಗಿ ಮೇಸ್ತ್ರಿ ಮೊದಮೊದಲು ಪರೀಕ್ಷೆ ಮಾಡುತ್ತಿದ್ದರಂತೆ. "ಈಗ ಬಿಟ್ಟಿದೀನಿ. ನನ್ನ ಪಟ್ಟಿನೇ ತಪ್ಪು ಅಂತ ಗೊತ್ತಾಗೋದು ಯಾಕೆ ಬೇಕು?" ಎನ್ನುತ್ತಾರೆ ಅವರು.

ಗೇಣಕ್ಕನ ಕೆಲಸ ದಾಖಲೆಯಲ್ಲಿ ಒಂದೇ ಪದ: ಸ್ವಚ್ಛತೆ. ಹೊಸ ಹಡಗು ಕಟ್ಟುವ ಮುಂಚೆ ಅದರ ಕೋಣೆ ಹೇಗಿರಬೇಕೆಂದು ನೋಡಲು ಈ ಶೆಡ್ಡಿನಲ್ಲಿ ಒಂದು ಸ್ಯಾಂಪಲ್ ರೂಮು ಕಟ್ಟುತ್ತಾರೆ. ದಿನಾ ಬೆಳಿಗ್ಗೆ ವಿನ್ಯಾಸ ಮಾಡುವವರು ಬರುವ ಮೊದಲು ಅದನ್ನು ಗುಡಿಸಿ, ಒರೆಸಿ, ಹಾಸಿಗೆ ಸಜ್ಜು ಮಾಡಿ, ಯಾರೂ ಬಂದೇ ಇಲ್ಲವೆಂಬಂತೆ ಬಿಟ್ಟು ಹೋಗುವುದು ಅವರ ಪಾಲು. ನಾಲ್ಕು ವರ್ಷದಲ್ಲಿ ಇದು ಅವರು ನೋಡುತ್ತಿರುವ ಆರನೆಯ ಸ್ಯಾಂಪಲ್ ರೂಮು.

ಇವತ್ತು ಹತ್ತು ಗಂಟೆಗೆ ಹಡಗು ಕಂಪನಿಯ ಮುಖ್ಯಸ್ಥರು ಬಂದು ಈ ಕೋಣೆಗೆ ಸಹಿ ಹಾಕುತ್ತಾರೆ. ಸಹಿ ಬಿದ್ದ ಮೇಲೆ ಇದೇ ಕೋಣೆಯ ಸಾವಿರದ ನೂರಾ ಅರವತ್ತು ಪಡಿಯಚ್ಚುಗಳು ತಯಾರಾಗುತ್ತವೆ. ಒಂದು ಬೆರಳಷ್ಟೂ ಆಚೀಚೆ ಆಗುವುದಿಲ್ಲ. ಅವುಗಳಲ್ಲಿ ಹದಿನಾರು ಕೋಣೆಗಳು ಗೇಣಕ್ಕನ ತಂಗಿಯ ಮಗಳ ಪಾಲಿಗೆ ಬರುತ್ತವೆ. ಆ ಹುಡುಗಿಗೆ ಇಪ್ಪತ್ತನಾಲ್ಕು. ಹೊಸ ಹಡಗಿನಲ್ಲಿ ಕೋಣೆ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಹಡಗು ಹೊರಡಲು ಇನ್ನೂ ವರ್ಷದ ಮೇಲಿದೆ, ಆದರೂ ಹೊಸ ಬೂಟು ಕೂಡ ಕೊಂಡಾಗಿದೆ.

"ಒಂದು ಹಾಸಿಗೆಗೆ ಏಳು ನಿಮಿಷ ಜಾಸ್ತಿ. ಹದಿನಾರು ರೂಮಿಗೆ ಹತ್ರ ಹತ್ರ ಎರಡು ಗಂಟೆ," ಎನ್ನುತ್ತಾರೆ ಗೇಣಕ್ಕ. "ಹೋಗ್ಲಿ, ಎರಡು ಗಂಟೆ ಹೋದ್ರೆ ಹೋಯ್ತು. ದಿನಾ ಹದಿನಾರು ಸಲ ಹಾಗೆ ಹತ್ತಿ ಇಳಿದ್ರೆ ಮೊಣಕಾಲು ಹೋಗುತ್ತೆ. ನನಗೆ ಗೊತ್ತಲ್ಲ, ನಂದು ಹೋಗಿದ್ದು ಹಾಗೇನೇ."

ಅವರು ಹತ್ತೊಂಬತ್ತು ವರ್ಷ ಹಡಗಿನಲ್ಲಿದ್ದರು. ಮೂವತ್ತನೇ ವಯಸ್ಸಿಗೆ ಸೇರಿದ್ದು. ವರ್ಷಕ್ಕೆ ಒಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ತಂಗಿಯ ಮನೆಯಲ್ಲಿ. ದಿನಕ್ಕೆ ಹದಿನಾರು ಕೋಣೆ, ಒಂದೊಂದಕ್ಕೂ ಎರಡು ಸಲ ಭೇಟಿ. ಬೆಳಿಗ್ಗೆ ಹಾಸಿಗೆ, ಬಾತ್‌ರೂಮು, ನೆಲ. ಸಂಜೆ ಪರದೆ ಎಳೆದು, ದಿಂಬು ಸರಿಮಾಡಿ, ದೀಪ ತಗ್ಗಿಸುವುದು. ಒಟ್ಟು ಎಷ್ಟು ಹಾಸಿಗೆ ಹಾಸಿರಬಹುದು ಎಂದು ಅವರೇ ಒಮ್ಮೆ ಕೂತು ಗುಣಿಸಿದ್ದಾರೆ: ಎಂಬತ್ತೆರಡು ಸಾವಿರ. "ಅಷ್ಟು ಹಾಸಿಗೆ ಹಾಸಿದೀನಿ. ಒಂದರ ಮೇಲೂ ಮಲಗಿಲ್ಲ. ನಮಗೆ ಕೆಳಗಡೆ ಬೇರೆ, ಒಂದರ ಮೇಲೊಂದು ಬಂಕು. ಎದ್ದು ಕೂತ್ರೆ ತಲೆ ತಾಗೋದು."

ಆ ಕೆಲಸದ ಮೊದಲ ಪಾಠ ಶಬ್ದ ಮಾಡದಿರುವುದು. ಟ್ರಾಲಿಯ ಚಕ್ರಕ್ಕೆ ಎಣ್ಣೆ ಇರಬೇಕು, ಬಕೆಟ್ಟು ನೆಲಕ್ಕೆ ತಾಗಿದ್ದು ಕೇಳಬಾರದು, ಪ್ರಯಾಣಿಕರು ತಿಂಡಿ ಮುಗಿಸಿ ಬರುವಷ್ಟರಲ್ಲಿ ಕೋಣೆ ತಾನಾಗಿಯೇ ಸರಿಯಾದಂತೆ ಕಾಣಬೇಕು. ಗೇಣಕ್ಕ ಇದನ್ನು ದೂರುವ ದನಿಯಲ್ಲಿ ಹೇಳುವುದಿಲ್ಲ, ಕುಶಲಕರ್ಮಿಯ ಗತ್ತಿನಲ್ಲಿ ಹೇಳುತ್ತಾರೆ. ಖಾಲಿ ಕೋಣೆಗಳು ಅವರ ಜೊತೆ ಮಾತಾಡುತ್ತಿದ್ದವಂತೆ. ಹಾಸಿಗೆಯ ಒಂದೇ ಬದಿ ಸುಕ್ಕಾಗಿದ್ದರೆ ಗಂಡ ಸೋಫಾದ ಮೇಲೆ ಮಲಗಿದ್ದಾನೆ. ಕುರ್ಚಿ ಬಾಲ್ಕನಿಯ ಗಾಜಿಗೆ ತಾಗಿಕೊಂಡಿದ್ದರೆ ಒಬ್ಬರಿಗೆ ನಿದ್ದೆ ಬಂದಿಲ್ಲ. "ಎರಡು ದಿನ ನೋಡಿದ್ರೆ ಸಾಕು, ಆ ರೂಮು ಕಟ್ಟಿದವನು ಯಾವತ್ತಾದ್ರೂ ಹೆಂಡ್ತಿ ಜೊತೆ ಪ್ರಯಾಣ ಮಾಡಿದಾನಾ ಇಲ್ವಾ ಅಂತಲೂ ಗೊತ್ತಾಗುತ್ತೆ."

ಹತ್ತೊಂಬತ್ತನೆಯ ವರ್ಷ ಅವರ ಪಾಲಿಗೆ ಬಂದ ಹಡಗಿನಲ್ಲಿ ಹಾಸಿಗೆಗೂ ಗೋಡೆಗೂ ನಡುವೆ ಇದ್ದದ್ದು ಒಂದು ಗೇಣು. ಏಳು ತಿಂಗಳು ಹೇಗೋ ನಡೆಯಿತು. "ಅವತ್ತು ಅಲೆ ಏನೂ ದೊಡ್ಡದಿರಲಿಲ್ಲ. ಮಗು ತೊಟ್ಟಿಲು ತೂಗಿದ ಹಾಗೆ ಒಂದು ಸಣ್ಣ ವಾಲು. ನನ್ನ ಕಾಲು ಆ ಸಂದಿಯೊಳಗಿತ್ತು. ಹಡಗು ಆ ಕಡೆ ಹೋಯ್ತು, ನಾನು ಈ ಕಡೆ ಹೋದೆ, ಮೊಣಕಾಲು ಅಲ್ಲೇ ಉಳೀತು." ಎರಡು ಶಸ್ತ್ರಚಿಕಿತ್ಸೆ ಆದ ಮೇಲೂ ಅದು ಪೂರ್ತಿ ಮಡಚುವುದಿಲ್ಲ. ಹಡಗಿನ ಕೆಲಸ ಮುಗಿಯಿತು.

ಈಗ ತಂಗಿಯ ಮನೆಯಲ್ಲಿ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೂವರ ವಾಸ. ಗೇಣಕ್ಕನ ಮಂಚ ಗೋಡೆಯಿಂದ ಎರಡು ಗೇಣು ಈಚೆಗೆ, ದಾರಿಗೆ ಅಡ್ಡವಾಗಿ ನಿಂತಿದೆ. ಓಡಾಡುವವರೆಲ್ಲ ಎಡವುತ್ತಾರೆ. "ಇರೋದು ಹಿಡಿಯಷ್ಟು ಮನೆ. ಅದರಲ್ಲಿ ಮಂಚಕ್ಕೊಂದು ರಸ್ತೆ ಬೇರೆ ಬೇಕಾ ನಿಂಗೆ?" ಎಂದು ತಂಗಿ ದಿನಾ ಗೊಣಗುತ್ತಾರೆ. ಅಕ್ಕ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ.

ಹಾಗೆಂದು ಅವರು ಹಳೆಯದನ್ನು ಹಾಡಿ ಹೊಗಳುವವರಲ್ಲ. ಹಡಗಿನ ಕೋಣೆಗಳ ಬಗ್ಗೆ ಅವರ ಅಭಿಪ್ರಾಯಗಳು ಖಚಿತ, ಮತ್ತು ಬಹಳಷ್ಟು ಹೊಸದರ ಪರ. ಮೈಗೆ ಅಂಟಿಕೊಳ್ಳುತ್ತಿದ್ದ ಸ್ನಾನದ ಪರದೆ ಹೋಗಿ ಗಾಜಿನ ಬಾಗಿಲು ಬಂದದ್ದು ಅವರ ಪ್ರಕಾರ ಹಡಗುಗಳ ಇತಿಹಾಸದಲ್ಲೇ ದೊಡ್ಡ ಸುಧಾರಣೆ. "ಮುಂಚೆ ಸ್ನಾನ ಮಾಡೋರು ಆ ಪರದೆ ಜೊತೆ ಕುಸ್ತಿ ಮಾಡಿ ಬರೋರು. ನೆಲ ಪೂರ್ತಿ ಕೆರೆ." ಹಾಸಿಗೆಯ ಕೆಳಗೆ ದೊಡ್ಡ ಪೆಟ್ಟಿಗೆ ನುಗ್ಗುವಷ್ಟು ಎತ್ತರ ಕೊಟ್ಟಿದ್ದೂ ಅವರಿಗೆ ಇಷ್ಟ. ಕಿಟಕಿಯಿಲ್ಲದ ಒಳಗಿನ ಕೋಣೆಗಳನ್ನು ಜನ ಕೀಳಾಗಿ ಕಾಣುವುದು ಮಾತ್ರ ಅವರಿಗೆ ಸರಿಬರುವುದಿಲ್ಲ. "ಅಲ್ಲಿಯವರಷ್ಟು ಚೆನ್ನಾಗಿ ನಿದ್ದೆ ಮಾಡಿದವರನ್ನ ನಾನು ಎಲ್ಲೂ ನೋಡಿಲ್ಲ. ಕಡಲು ನೋಡಬೇಕಂದ್ರೆ ಮೇಲೆ ಹೋಗ್ತಾರೆ. ಮಲಗೋಕೆ ಕಡಲು ಯಾಕೆ?"

ಬೈಯುವುದಕ್ಕೂ ಪಟ್ಟಿ ಇದೆ. ಕೋಣೆಗೆ ಎರಡೇ ಕೊಕ್ಕೆ ಹಾಕುವವರನ್ನು ಕಂಡರೆ ಆಗುವುದಿಲ್ಲ. ಒದ್ದೆ ಬಟ್ಟೆ ಹಿಡಿದುಕೊಂಡು ಪ್ರಯಾಣಿಕರು ಕೋಣೆಯಲ್ಲೆಲ್ಲ ಅಲೆಯುವುದನ್ನು ಅವರು ನೋಡಿದ್ದಾರೆ. ಪ್ಲಗ್ಗುಗಳನ್ನೆಲ್ಲ ಮೇಜಿನ ಹತ್ತಿರ ಇಡುವವರಿಗೆ ಅವರ ಪ್ರಶ್ನೆ: "ಫೋನು ಮಲಗೋದು ಎಲ್ಲಿ? ದಿಂಬಿನ ಪಕ್ಕ ತಾನೇ?" ದೀಪಕ್ಕೆ ಸ್ವಿಚ್ಚಿನ ಬದಲು ನುಣುಪಾದ ಗಾಜಿನ ಪಟ್ಟಿ ಬಂದ ಮೇಲೆ ವಯಸ್ಸಾದ ಪ್ರಯಾಣಿಕರೊಬ್ಬರು ದೀಪ ಆರಿಸಲು ಗೊತ್ತಾಗದೆ ಮುಖಕ್ಕೆ ಟವೆಲು ಮುಚ್ಚಿಕೊಂಡು ಮಲಗಿದ್ದರಂತೆ. ಸಾಮಾನು ಜಾರದಂತೆ ತಡೆಯುವ ಅಂಚುಕಟ್ಟಿಲ್ಲದ ಕಪಾಟಿನ ಹಲಗೆ ಕಂಡರಂತೂ ಅವರ ಮೂಗು ಕೆಂಪಾಗುತ್ತದೆ. "ಇವ್ರು ನೆಲದ ಮೇಲೆ ಕೂತು ಗೀಚ್ತಾರೆ. ಹಡಗಲ್ಲಿ ಸಾಮಾನು ನಡೆಯುತ್ತೆ. ಹಲ್ಲುಜ್ಜೋ ಬ್ರಷ್ಷು ಬೆಳಗಾಗೋದ್ರೊಳಗೆ ಬಾಗಿಲ ಹತ್ರ ಬಂದು ನಿಂತಿರುತ್ತೆ, ಕೆಳಗಿಳಿಯೋಕೆ ತಯಾರಾಗಿ!"

ಈ ಆರನೆಯ ಕೋಣೆಯಲ್ಲಿ ಅಂಥ ತಪ್ಪುಗಳು ಹೆಚ್ಚಿಲ್ಲ. ಅದನ್ನು ರೂಪಿಸಿದ ವಿನ್ಯಾಸಕಿಗೆ ಮೂವತ್ತರ ಆಸುಪಾಸು, ಚುರುಕು, ಯಾರನ್ನೂ ಗದರುವವರಲ್ಲ. ದಿನಾ ಬೆಳಿಗ್ಗೆ ಗೇಣಕ್ಕನ ಮೊಣಕಾಲು ಹೇಗಿದೆ ಎಂದು ವಿಚಾರಿಸುವವರು ಅವರೊಬ್ಬರೇ. ಅವರ ಹೆಮ್ಮೆಯೆಂದರೆ ಹಾಸಿಗೆಯ ದಿಕ್ಕು. ಹೆಚ್ಚಿನ ಹಡಗುಗಳಲ್ಲಿ ಹಾಸಿಗೆ ಅಡ್ಡಕ್ಕೆ ಇರುತ್ತದೆ, ಇಲ್ಲಿ ಅದನ್ನು ಬಾಲ್ಕನಿಗೆ ಮುಖ ಮಾಡಿ ಉದ್ದಕ್ಕೆ ತಿರುಗಿಸಿದ್ದಾರೆ. ಕಣ್ಣು ಬಿಟ್ಟರೆ ಎದುರಿಗೇ ಕಡಲು. ಪಕ್ಕದಲ್ಲಿ ಒಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ಅಗಲದ ಸೋಫಾ. ಇಷ್ಟನ್ನೂ ಹಿಡಿಸುವುದಕ್ಕಾಗಿ ಹಾಸಿಗೆಯನ್ನು ಇಲ್ಲದ ಗೋಡೆಯ ಕಡೆಗೆ ತಳ್ಳಿದ್ದಾರೆ.

ಮೂರು ವಾರದ ಹಿಂದೆ ಗೇಣಕ್ಕ ಧೈರ್ಯ ಮಾಡಿ ಬಾಯಿ ಬಿಟ್ಟಿದ್ದರು. "ಮೇಡಂ, ಈ ಕಡೆ ತುಂಬಾ ಇಕ್ಕಟ್ಟು."

ವಿನ್ಯಾಸಕಿ ಬಂದು ಹಾಸಿಗೆಯ ಬಲಬದಿಯಲ್ಲಿ ನಿಂತು, ಎರಡೂ ಕೈ ಚಾಚಿ, ಆ ಕಡೆ ಈ ಕಡೆ ತಿರುಗಿ ನೋಡಿದರು. "ಇಷ್ಟೊಂದು ಜಾಗ ಇದೆಯಲ್ಲ ಅಕ್ಕ?"

ಅವರು ನಿಂತಿದ್ದದ್ದು ಹಳದಿ ಟೇಪಿನ ಆಚೆ.

ಗೇಣಕ್ಕ ಟೇಪನ್ನು ನೋಡಿದರು, ಮೇಡಂ ಕಾಲನ್ನು ನೋಡಿದರು, ಸುಮ್ಮನಾದರು. ಆ ಸುಮ್ಮನಾದದ್ದು ಮೂರು ವಾರದಿಂದ ಅವರೊಳಗೆ ಬೀಡುಬಿಟ್ಟಿದೆ. ನಾಲ್ಕು ತಿಂಗಳಿಂದ ಈ ಕೋಣೆಗೆ ಬಂದವರೆಲ್ಲರೂ ಹಾಗೆಯೇ, ತೆರೆದ ಕಡೆಯಿಂದ ಬಂದು, ಟೇಪಿನ ಆಚೆ ನಿಂತು, ಆಹಾ ಎಷ್ಟು ವಿಶಾಲ ಎಂದು ಹೋಗಿದ್ದಾರೆ. ಬಾಗಿಲಿಂದ ಒಳಗೆ ಬಂದವರು ಗೇಣಕ್ಕ ಒಬ್ಬರೇ.

ನಿನ್ನೆ ಸಂಜೆ ತಂಗಿಯ ಮಗಳು ಹೊಸ ಬೂಟು ಹಾಕಿಕೊಂಡು ಮನೆಯೊಳಗೇ ಓಡಾಡುತ್ತಿದ್ದಳಂತೆ. "ದೊಡ್ಡಮ್ಮ, ಹೊಸಾ ಹಡಗು. ಎಲ್ಲಾ ಹೊಸಾದು. ನಿನ್ನ ಕಾಲದ ಹಾಗಲ್ಲ," ಎಂದಳಂತೆ. ಗೇಣಕ್ಕ ಅವಳ ಮೊಣಕಾಲುಗಳನ್ನೇ ನೋಡುತ್ತಾ ಕೂತಿದ್ದರು.

ಆರೂವರೆಗೆ ಮೇಸ್ತ್ರಿ ಶೆಡ್ಡಿಗೆ ಬರುತ್ತಾರೆ. ಗೇಣಕ್ಕ ಪೀಠಿಕೆ ಹಾಕುವುದಿಲ್ಲ.

"ಮೇಸ್ತ್ರಿ, ಹಿಂದುಗಡೆ ಕಂಬಳಿ ಹೊದಿಸಿಟ್ಟಿದೀರಲ್ಲ, ಆ ಗೋಡೆ ಹಲಗೆ, ನಿಲ್ಲಿಸೋಕೆ ಎಷ್ಟು ಹೊತ್ತು ಬೇಕು?"

"ನಾಲ್ಕು ಹಲಗೆ. ಎರಡು ಗಂಟೆ. ಯಾಕೆ?"

"ಹತ್ತು ಗಂಟೆಗೆ ಮುಂಚೆ ನಿಲ್ಲಿಸಿ."

ಮೇಸ್ತ್ರಿ ಸುತ್ತಿಗೆ ಕೆಳಗಿಡುತ್ತಾರೆ. "ಅಕ್ಕ, ಇವತ್ತು ಸಹಿ. ಸಹಿ ಆಗೋವರೆಗೂ ಆ ಕಡೆ ಮುಚ್ಚಬಾರದು ಅಂದಿದಾರೆ. ನಿಮಗೇನು, ಪೊರಕೆ ಎತ್ಕೊಂಡು ಹೋಗ್ತೀರಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ಡ್ರಾಯಿಂಗ್‌ನಲ್ಲಿ ಗೋಡೆ ಇದೆಯೋ ಇಲ್ವೋ?"

"ಇದೆ."

"ಹಾಗಾದ್ರೆ ಇರೋದನ್ನೇ ನಿಲ್ಲಿಸ್ತಿದೀರಿ. ಕೇಳಿದ್ರೆ ನನ್ನ ಹೆಸರು ಹೇಳಿ."

"ಏನಂತ? ಕಸ ಗುಡಿಸೋರು ಗೋಡೆ ಕಟ್ಟಿಸಿದ್ರು ಅಂತಲಾ?"

"ಹೂಂ. ಧೂಳು ಬರ್ತಿತ್ತಂತೆ, ಅದಕ್ಕೆ ಅನ್ನಿ."

ಮೇಸ್ತ್ರಿಗೆ ನಗು ತಡೆಯಲಾಗುವುದಿಲ್ಲ. ಆಮೇಲೆ ಅವರು ಹಾಸಿಗೆಯ ಬಲಬದಿಗೆ ಹೋಗಿ, ಟೇಪಿನ ಒಳಗೆ ಕಾಲಿಡಲು ನೋಡುತ್ತಾರೆ. ಒಂದು ಬೂಟು ಹೋಗುತ್ತದೆ, ಇನ್ನೊಂದಕ್ಕೆ ಜಾಗವಿಲ್ಲ. ಒಂಟಿ ಕಾಲಿನಲ್ಲಿ ಕೊಕ್ಕರೆಯಂತೆ ನಿಂತು ಅವರು ಆ ಸಂದಿಯನ್ನು ನೋಡುತ್ತಾರೆ. ಕೊನೆಗೆ ಹಿಂದುಗಡೆ ಹೋಗಿ ಕಂಬಳಿ ಎಳೆಯುತ್ತಾರೆ.

ಒಂಬತ್ತೂಕಾಲಿಗೆ ವಿನ್ಯಾಸಕಿ ಬಂದಾಗ ಕೋಣೆಗೆ ನಾಲ್ಕೂ ಗೋಡೆಗಳಿವೆ. ಹೊರಗಿನಿಂದ ನೋಡಿದರೆ ಅದೊಂದು ಬೂದು ಬಣ್ಣದ ದೊಡ್ಡ ಪೆಟ್ಟಿಗೆ.

"ಗೋಡೆ ಯಾರು ಹಾಕಿಸಿದ್ದು?"

ಮೇಸ್ತ್ರಿ ಶೆಡ್ಡಿನ ಸೂರಿನ ತಗಡುಗಳನ್ನು ಎಣಿಸುವವರಂತೆ ಮೇಲೆ ನೋಡುತ್ತಾರೆ.

"ನಾನು ಮೇಡಂ," ಎನ್ನುತ್ತಾರೆ ಗೇಣಕ್ಕ.

"ಇವತ್ತೇ ಬೇಕಿತ್ತಾ ಅಕ್ಕ? ನಾಳೆ ಹಾಕಿಸಿದ್ರೆ ಆಗ್ತಿರಲಿಲ್ವಾ?"

"ನಾಳೆ ಹಾಕಿದ್ರೆ ಪ್ರಯೋಜನ ಇಲ್ಲ ಮೇಡಂ. ನಾಳೆ ಸಾವಿರದ ನೂರಾ ಅರವತ್ತು ಗೋಡೆ ಆಗುತ್ತೆ."

ವಿನ್ಯಾಸಕಿ ಮೇಸ್ತ್ರಿಯ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲುಗಳು ಮುಚ್ಚಿದ ಸದ್ದು. ಹೇಳಿದ ಸಮಯಕ್ಕಿಂತ ಮೊದಲೇ ಬಂದಿದ್ದಾರೆ. ಗೋಡೆ ತೆಗೆಸಲು ಹೊತ್ತಿಲ್ಲ.

ಮುಖ್ಯಸ್ಥರು ಎತ್ತರದ, ಮೈಕೈ ತುಂಬಿದ ಮನುಷ್ಯ. ಜೊತೆಗೆ ಆರು ಜನ. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವರೆಲ್ಲರೂ ಬಾಗಿಲಿಂದ ಒಳಗೆ ಹೋಗಬೇಕಾಗಿದೆ. ಮೊದಲಿನವರು ಬಾಲ್ಕನಿ ತಲುಪುವ ಹೊತ್ತಿಗೆ ಕೊನೆಯವರು ಹೊಸ್ತಿಲಲ್ಲೇ ಸಿಕ್ಕಿಬಿದ್ದಿದ್ದಾರೆ. ಮಧ್ಯದವರೊಬ್ಬರು ದಾರಿ ಬಿಡಲು ಬಾತ್‌ರೂಮಿನೊಳಗೆ ಸರಿದು ನಿಲ್ಲುತ್ತಾರೆ. ಯಾರದೋ ಬೆನ್ನು ತಾಗಿ ದೀಪ ಆರುತ್ತದೆ, ಹತ್ತುತ್ತದೆ.

"ಹೋದ ಸಲ ರೂಮು ದೊಡ್ಡದಿತ್ತಲ್ಲ?" ಎನ್ನುತ್ತಾರೆ ಮುಖ್ಯಸ್ಥರು.

"ಅಳತೆ ಅದೇ ಸಾರ್," ಎನ್ನುತ್ತಾರೆ ವಿನ್ಯಾಸಕಿ. ಅವರ ದನಿ ಸಣ್ಣದಾಗಿದೆ. ಅವರ ಕಣ್ಣು ಹಾಸಿಗೆ ಮತ್ತು ಗೋಡೆಯ ನಡುವಿನ ಸಂದಿಯ ಮೇಲಿದೆ. ಅದನ್ನು ಅವರು ಈಗ ಮೊದಲ ಸಲ ನೋಡುತ್ತಿದ್ದಾರೆ.

ಬಾಗಿಲ ಬಳಿ ದಿಂಬು ಹಿಡಿದು ನಿಂತ ಗೇಣಕ್ಕ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಸಾರ್, ತಪ್ಪು ತಿಳ್ಕೋಬೇಡಿ. ಮನೇಲಿ ನೀವು ಯಾವ ಕಡೆ ಮಲಗ್ತೀರಿ?"

ಮುಖ್ಯಸ್ಥರು ತಿರುಗಿ ನೋಡುತ್ತಾರೆ. ಕೋಪ ಮಾಡಿಕೊಳ್ಳಬೇಕೋ ಬೇಡವೋ ಎಂದು ಅರೆಕ್ಷಣ ಯೋಚಿಸಿದಂತಿದೆ. "ಗೋಡೆ ಕಡೆ. ಯಾಕಮ್ಮ?"

"ರಾತ್ರಿ ಎಷ್ಟು ಸಲ ಏಳ್ತೀರಿ?"

"ಎರಡು ಸಲ." ತುಸು ತಡೆದು, "ಈಗೀಗ ಮೂರು."

"ಹಾಗಾದ್ರೆ ಒಂದ್ಸಲ ಗೋಡೆ ಕಡೆ ಮಲಗಿ ನೋಡ್ತೀರಾ ಸಾರ್? ಮೇಸ್ತ್ರಿ, ಬನ್ನಿ, ನೀವು ಅಮ್ಮಾವ್ರ ಜಾಗದಲ್ಲಿ ಮಲಗಿ."

"ನಾನಾ?" ಎನ್ನುತ್ತಾರೆ ಮೇಸ್ತ್ರಿ, ಜೀವ ಬಾಯಿಗೆ ಬಂದವರಂತೆ.

"ಬೂಟು ಬಿಚ್ಚಿ. ಬಿಳೀ ಶೀಟು, ಈಗ ತಾನೇ ಹಾಸಿದ್ದು."

ಮುಖ್ಯಸ್ಥರೂ ಬೂಟು ಬಿಚ್ಚುತ್ತಾರೆ. ಅಂಥ ದೊಡ್ಡ ಮನುಷ್ಯ ಮತ್ತು ಮರದ ಹೊಟ್ಟು ಮೆತ್ತಿದ ಮೇಸ್ತ್ರಿ ಅಕ್ಕಪಕ್ಕ ಮಲಗಿ ಸೂರು ನೋಡುತ್ತಾರೆ. ಬಾತ್‌ರೂಮಿನಲ್ಲಿದ್ದವರು ಕತ್ತು ಹೊರಗೆ ಚಾಚುತ್ತಾರೆ.

"ಈಗ ಎದ್ದು ಬನ್ನಿ ಸಾರ್. ಅಮ್ಮಾವ್ರನ್ನ ಎಬ್ಬಿಸಬಾರದು."

ಮುಖ್ಯಸ್ಥರು ಗೋಡೆಯ ಕಡೆ ಕಾಲು ಇಳಿಬಿಡುತ್ತಾರೆ. ಅದು ತೊಡೆಯವರೆಗೆ ಹೋಗಿ ನಿಲ್ಲುತ್ತದೆ. ಇನ್ನೊಂದು ಕಾಲಿಗೆ ಜಾಗವಿಲ್ಲ. ಹಿಂದಕ್ಕೆ ಎಳೆದುಕೊಂಡು, ಮಗ್ಗುಲಾಗಿ, ಮೇಸ್ತ್ರಿಯ ಎದೆಯ ಮೇಲೆ ಕೈಯೂರುತ್ತಾರೆ. ಮೇಸ್ತ್ರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ನಾನು ನಿದ್ದೆ ಮಾಡ್ತಿದೀನಿ ಸಾರ್, ನೀವು ಹೋಗಿ ಬನ್ನಿ," ಎನ್ನುತ್ತಾರೆ. ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮುಖ್ಯಸ್ಥರೂ ನಗುತ್ತಾರೆ. ನಗುತ್ತಲೇ ಮತ್ತೆ ದಿಂಬಿಗೆ ತಲೆ ಒರಗಿಸಿ ಸುಮ್ಮನೆ ಮಲಗಿಬಿಡುತ್ತಾರೆ.

ನಗು ಒಂದೊಂದಾಗಿ ನಿಲ್ಲುತ್ತದೆ. ಶೆಡ್ಡಿನ ಹೊರಗೆ ಎಲ್ಲೋ ಕಬ್ಬಿಣ ಕೊಯ್ಯುವ ಸದ್ದು.

"ಪ್ರಯಾಣಿಕರು ಹೇಗೋ ಒಂದು ವಾರ ಸಂಭಾಳಿಸ್ತಾರೆ ಸಾರ್," ಎನ್ನುತ್ತಾರೆ ಗೇಣಕ್ಕ. ದನಿ ಏರಿಸಿಲ್ಲ. "ಹಾಸಿಗೆ ಹಾಸೋರು ಒಂಬತ್ತು ತಿಂಗಳು ಇರ್ತಾರೆ. ದಿನಾ ಹದಿನಾರು ಸಲ. ನಾನು ಹೀಗೇ ಒಂದು ಗೇಣಲ್ಲಿ ಕಾಲು ಕಳ್ಕೊಂಡೆ. ನಮ್ಮ ಹುಡುಗಿ ಈ ಹಡಗಿಗೇ ಬರ್ತಿದಾಳೆ."

ಮುಖ್ಯಸ್ಥರು ಸೂರನ್ನೇ ನೋಡುತ್ತಾ ಕೇಳುತ್ತಾರೆ, "ಎಷ್ಟು ಬೇಕು?"

"ಇನ್ನೊಂದು ಗೇಣು."

"ಇವತ್ತು ಸಹಿ ಇಲ್ಲ," ಎಂದು ಅವರು ಮೇಸ್ತ್ರಿಯನ್ನು ದಾಟಿಕೊಂಡು ಕೆಳಗಿಳಿಯುತ್ತಾರೆ.

ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿಯುತ್ತಾರೆ. ವಿನ್ಯಾಸಕಿ ಸೋಫಾದ ಮೇಲೆ ಕೂತಿದ್ದಾರೆ. ಗೇಣಕ್ಕ ಕೆದರಿದ ಶೀಟನ್ನು ಮತ್ತೆ ಹಾಸುತ್ತಿದ್ದಾರೆ.

"ಅವತ್ತೇ ಹೇಳಿದ್ರಿ ಅಲ್ವಾ?"

"ಹೇಳಿದ್ದೆ ಮೇಡಂ."

"ಇನ್ನೊಂದ್ಸಲ ಯಾಕೆ ಹೇಳ್ಲಿಲ್ಲ?"

ಗೇಣಕ್ಕ ದಿಂಬನ್ನು ತಟ್ಟಿ ನಿಲ್ಲಿಸುತ್ತಾರೆ. "ರೂಮಲ್ಲಿ ನಾವಿದ್ವಿ ಅಂತಲೇ ಗೊತ್ತಾಗಬಾರದು, ಹಡಗಲ್ಲಿ ಕಲಿಸೋದೇ ಅದು. ಹತ್ತೊಂಬತ್ತು ವರ್ಷ ಕಲ್ತಿದ್ದು, ಬಾಯಿಗೂ ಅಂಟ್ಕೊಂಡುಬಿಟ್ಟಿದೆ."

ವಿನ್ಯಾಸಕಿ ಎದ್ದು ಬರುತ್ತಾರೆ. ಹಾಸಿಗೆಯನ್ನು ಮತ್ತೆ ಅಡ್ಡಕ್ಕೆ ತಿರುಗಿಸಿಬಿಡುವುದೇ ಸುಲಭ ಎನ್ನುತ್ತಾರೆ. ಬೇಡ ಎನ್ನುವವರು ಗೇಣಕ್ಕನೇ. "ತಿರುಗಿಸಬೇಡಿ ಮೇಡಂ. ಕಡಲು ನೋಡೋಕೇ ಅಂತ ಬಾಲ್ಕನಿ ರೂಮು ತಗೊಂಡಿರ್ತಾರೆ. ಕಣ್ಣು ಬಿಟ್ರೆ ಕಾಣ್ಲಿ. ಒಳ್ಳೇ ಯೋಚನೆ ಅದು. ಸೋಫಾ ಸ್ವಲ್ಪ ಸೊರಗಲಿ." ವಿನ್ಯಾಸಕಿ ಅಳತೆಪಟ್ಟಿ ತೆಗೆದು ನೆಲದ ಮೇಲೆ ಕೂರುತ್ತಾರೆ. ಗೇಣಕ್ಕ ಬಗ್ಗಿ ಶೀಟು ಸಿಕ್ಕಿಸುವಂತೆ ನಿಂತು ತೋರಿಸುತ್ತಾರೆ. ಮಡಚದ ಆ ಮೊಣಕಾಲಿನ ಮುಂದೆ ಪಟ್ಟಿ ಹಿಡಿದರೆ ನಲವತ್ತಾರು ಸೆಂಟಿಮೀಟರು. ಗೇಣಕ್ಕನ ಅಂಗೈಯಲ್ಲಿ ಎರಡು ಗೇಣು ಒಂದು ಬೆರಳು.

ಇದಾಗಿ ಮೂರು ವಾರ. ಶೆಡ್ಡಿನಲ್ಲಿ ಈಗ ಹೊಸ ರೂಪದ ಕೋಣೆ ಇದೆ. ಮಲಗುವಷ್ಟು ಅಗಲವಿದ್ದ ಸೋಫಾ ಕೂರುವಷ್ಟಕ್ಕೆ ಇಳಿದಿದೆ. ಹಾಸಿಗೆಯ ಕಾಲಕಡೆಯ ಮೂಲೆಗಳು ದುಂಡಾಗಿವೆ. ಬಾಗಿಲ ಹಿಂದೆ ಆರು ಕೊಕ್ಕೆಗಳು ಬಂದಿವೆ, ಕಪಾಟಿನ ಹಲಗೆಗೆ ಎರಡು ಬೆರಳಿನ ಅಂಚುಕಟ್ಟು. ನಾಲ್ಕು ಗೋಡೆಗಳೂ ನಿಂತೇ ಇವೆ. ಮುಂದಿನ ಸ್ಯಾಂಪಲ್ ರೂಮುಗಳಿಗೂ ಸಹಿಯ ಮುಂಚೆ ಎಲ್ಲ ಗೋಡೆ ನಿಲ್ಲಿಸಬೇಕೆಂದು ಕಾರ್ಖಾನೆ ನಿಯಮ ಮಾಡಿದೆ. ವಿನ್ಯಾಸಕಿ ಈಗ ಒಳಗೆ ಬರುವ ಮುಂಚೆ ಮೂರು ಸಲ ತಟ್ಟುತ್ತಾರೆ. ಸಹಿ ಮೊನ್ನೆ ಬಿದ್ದಿದೆ.

ಇವತ್ತು ತಂಗಿಯ ಮಗಳು ಬಂದಿದ್ದಾಳೆ. ಹಡಗಿಗೆ ಹೋಗುವ ಮುಂಚೆ ಒಮ್ಮೆ ಕೈ ಪಳಗಲಿ ಎಂದು ಮೇಡಂ ಅವರೇ ಕರೆಸಿದ್ದು. ಗೇಣಕ್ಕ ಬಾಗಿಲ ಬಳಿ ಗಡಿಯಾರ ಹಿಡಿದು ನಿಂತಿದ್ದಾರೆ.

"ದೊಡ್ಡಮ್ಮ, ಹಾಗೆ ಗುರಾಯಿಸಿಕೊಂಡು ನಿಂತ್ರೆ ಕೈ ಓಡಲ್ಲ."

"ಅಲ್ಲಿ ನನಗಿಂತ ಗುರಾಯಿಸೋರು ಇರ್ತಾರೆ. ಮೂಲೆ ಎಳಿ. ಹೊಟ್ಟೆಯಿಂದ ಅಲ್ಲ, ಕಾಲಿಂದ ಬಗ್ಗು."

ಹುಡುಗಿ ಎಡಬದಿ ಮುಗಿಸಿ, ಬಲಬದಿಗೆ ಬಂದು, ಗೋಡೆಯ ಪಕ್ಕ ನೆಟ್ಟಗೆ ನಿಂತು, ಸಲೀಸಾಗಿ ಬಗ್ಗಿ ಶೀಟು ಸಿಕ್ಕಿಸುತ್ತಾಳೆ. ಅಲ್ಲಿ ಒಂದು ಕಾಲದಲ್ಲಿ ಜಾಗ ಇರಲಿಲ್ಲವೆಂಬುದು ಅವಳಿಗೆ ಅನಿಸುವುದೇ ಇಲ್ಲ. ನಾಲ್ಕು ನಿಮಿಷ ಹತ್ತು ಸೆಕೆಂಡು. "ಏನು ಮಹಾ ಕಷ್ಟ ಅಂತಿದ್ದೆ ದೊಡ್ಡಮ್ಮ?" ಎನ್ನುತ್ತಾಳೆ. ಗೇಣಕ್ಕನ ಮುಖದಲ್ಲಿ ಆ ಮಾತಿಗಾಗಿಯೇ ಕಾದಿದ್ದ ತೃಪ್ತಿ ಇದೆ.

ಅಂತಿಮ ಡ್ರಾಯಿಂಗಿನ ಒಂದು ಪ್ರತಿಯನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಲಾಗಿದೆ. ಕೆಳಗೆ ಒಂಬತ್ತು ಜನರ ಹೆಸರುಗಳಿವೆ. ಗೇಣಕ್ಕನದಿಲ್ಲ. ಹಾಸಿಗೆ ಮತ್ತು ಗೋಡೆಯ ನಡುವೆ ಒಂದು ಸಣ್ಣ ಬಾಣದ ಗುರುತು, ಅದರ ಪಕ್ಕದಲ್ಲಿ ನಲವತ್ತಾರು ಎಂಬ ಅಂಕಿ, ಅಷ್ಟೆ. ಬೇಸರವಿಲ್ಲವೇ ಎಂದರೆ ಅವರು ಪೊರಕೆ ಗೋಡೆಗೆ ಒರಗಿಸಿ ಆ ಅಂಕಿಯ ಮೇಲೆ ಬೆರಳಿಡುತ್ತಾರೆ.

"ಹಡಗು ಹೊರಡೋ ಮುಂಚೆ ಒಂದು ದಿನ ಒಳಗೆ ಬಿಟ್ರೆ ಸಾಕು. ಯಾವುದಾದ್ರೂ ಒಂದು ರೂಮಲ್ಲಿ, ಆ ಸಂದಿಲಿ ನಿಂತು ಬರ್ತೀನಿ. ಬೇರೇನೂ ಆಸೆ ಇಲ್ಲ," ಎನ್ನುತ್ತಾರೆ. ಆಮೇಲೆ ಎಡಗಾಲನ್ನು ತಟ್ಟಿಕೊಂಡು ನಗುತ್ತಾರೆ. "ಈ ಮೊಣಕಾಲಿಗೆ ಇನ್ನು ಸಮುದ್ರ ಇಲ್ಲ ಅಂತ ಡಾಕ್ಟ್ರು ಬರ್ದು ಕೊಟ್ಟಿದ್ರು. ಪಾಪ, ಅವರಿಗೇನು ಗೊತ್ತು? ಸಾವಿರದ ನೂರಾ ಅರವತ್ತು ರೂಮಲ್ಲಿ ಕೂತ್ಕೊಂಡು ಊರೂರು ಸುತ್ತೋಕೆ ಹೊರಟಿದೆ ಇದು."